ಜಾಮಿಟ್ರಿ ಬಾಕ್ಸ್ ವಿಮರ್ಶೆ: ತ್ರಿಕೋನಮಿತಿ ಕಲಿಯಲು ಆ ಎರಡು ಮೂಲೆಮಟ್ಟ ಎಷ್ಟು ಕೆಲಸಕ್ಕೆ ಬರುತ್ತವೆ?

ಜೂನ್ ಬಂತೆಂದರೆ ಪುಸ್ತಕದಂಗಡಿಗಳ ಮುಂದೆ ಜಾಮಿಟ್ರಿ ಬಾಕ್ಸ್‌ಗಳ ರಾಶಿ. ನೂರು ರೂಪಾಯಿಯಿಂದ ಇನ್ನೂರೈವತ್ತರ ಒಳಗೆ ತಗಡಿನ ಡಬ್ಬಿ, ಅದರೊಳಗೆ 15 ಸೆಂ.ಮೀ. ಸ್ಕೇಲು, ಕೈವಾರ, ಡಿವೈಡರ್, ಕೋನಮಾಪಕ, ಎರಡು ಮೂಲೆಮಟ್ಟ (ತ್ರಿಭುಜಾಕಾರದ ಸೆಟ್‌ಸ್ಕ್ವೇರ್), ಪೆನ್ಸಿಲ್, ರಬ್ಬರ್, ಮೆಂಡರ್. ಇವುಗಳಲ್ಲಿ ಸ್ಕೇಲು ಸವೆಯುತ್ತದೆ, ಕೈವಾರ ಸಡಿಲವಾಗುತ್ತದೆ, ರಬ್ಬರ್ ಮೊದಲ ವಾರವೇ ಕಳೆದುಹೋಗುತ್ತದೆ. ಮೂಲೆಮಟ್ಟಗಳು ಮಾತ್ರ ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೂ ಕೊಂಡ ದಿನದಂತೆಯೇ ಇರುತ್ತವೆ, ಅವನ್ನು ಯಾರೂ ಮುಟ್ಟಿರುವುದಿಲ್ಲ. ಇದು ನಿಜಕ್ಕೂ ಬೇಸರದ ಸಂಗತಿ. ಹತ್ತನೇ ತರಗತಿಯ ಮಕ್ಕಳು ಬಾಯಿಪಾಠ ಮಾಡುವ ಸೈನ್, ಕಾಸ್, ಟ್ಯಾನ್ (ಲಂಬಕೋನ ತ್ರಿಭುಜದ ಬಾಹುಗಳ ಅನುಪಾತಗಳು) ಕೋಷ್ಟಕದ ಮೂರು ಮುಖ್ಯ ಕಂಬಸಾಲುಗಳು, ಅಂದರೆ 30°, 45°, 60°, ಆ ಎರಡು ಪ್ಲಾಸ್ಟಿಕ್ ತುಂಡುಗಳಲ್ಲೇ ಇವೆ.

ಹಾಗಾಗಿ ಡಬ್ಬಿ ಎಷ್ಟು ಗಟ್ಟಿ, ಮುಚ್ಚಳ ಸರಿಯಾಗಿ ಕೂರುತ್ತದೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಲಂಬಕೋನ ತ್ರಿಭುಜದ ಅನುಪಾತಗಳನ್ನು ಕೈಯಾರೆ ಅಳೆದು ಅರ್ಥಮಾಡಿಕೊಳ್ಳಲು ಈ ಸಾಮಾನು ಸಾಕೇ, ಕೊಳ್ಳುವಾಗ ಏನು ನೋಡಬೇಕು, ಬಳಸುವಾಗ ಎಲ್ಲೆಲ್ಲಿ ಎಡವುತ್ತೇವೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಮೊದಲು ಮೂಲೆಮಟ್ಟದ ನಡುವಿನ ತೂತು ನೋಡಿ. ಕೆಲವು ಬಾಕ್ಸ್‌ಗಳಲ್ಲಿ ಅದು ದುಂಡಗಿರುತ್ತದೆ, ಇನ್ನು ಕೆಲವದರಲ್ಲಿ ತೂತೇ ಇರುವುದಿಲ್ಲ. ನಿಮಗೆ ಬೇಕಾದದ್ದು ತ್ರಿಭುಜಾಕಾರದ ತೂತು ಇರುವಂಥದ್ದು. ಒಳಗಿನ ಆ ತ್ರಿಭುಜದ ಮೂರೂ ಬಾಹುಗಳು ಹೊರಗಿನ ಬಾಹುಗಳಿಗೆ ಸಮಾಂತರವಾಗಿರುತ್ತವೆ, ಆದ್ದರಿಂದ ಕೋನಗಳೂ ಅವೇ. ಒಂದೇ ಪ್ಲಾಸ್ಟಿಕ್ ತುಂಡಿನಲ್ಲಿ ಎರಡು ಸಮರೂಪ ತ್ರಿಭುಜಗಳು ಸಿಕ್ಕಂತಾಯಿತು. ತ್ರಿಕೋನಮಿತಿಯ ಇಡೀ ಕಟ್ಟಡ ನಿಂತಿರುವುದು ಈ ಸಮರೂಪತೆಯ ಮೇಲೆ. ಕೋನ ಒಂದೇ ಆಗಿದ್ದರೆ ತ್ರಿಭುಜ ಎಷ್ಟೇ ದೊಡ್ಡದಿರಲಿ, ಎಷ್ಟೇ ಚಿಕ್ಕದಿರಲಿ, ಬಾಹುಗಳ ಅನುಪಾತ ಬದಲಾಗುವುದಿಲ್ಲ. ಸೈನ್ 30° ಎಂದು ಬರೆಯುವಾಗ ತ್ರಿಭುಜದ ಗಾತ್ರ ಹೇಳುವ ಅಗತ್ಯವೇ ಬೀಳದಿರುವುದು ಇದರಿಂದಲೇ.

ಅಳೆದು ನೋಡಿ. ಆದರೆ ಪ್ಲಾಸ್ಟಿಕ್ಕಿನ ಮೇಲೆಯೇ ಸ್ಕೇಲು ಇಟ್ಟು ಅಳೆಯಬೇಡಿ. ಅಂಚಿನ ಮೇಲೆ ಮುದ್ರಿಸಿದ ಅಳತೆಯ ಸೊನ್ನೆ ಮೂಲೆಯಿಂದ ತುಸು ಒಳಗಿರುತ್ತದೆ, ತುದಿಗಳನ್ನು ದುಂಡಗೆ ಮಾಡಿರುತ್ತಾರೆ. 30° ತುದಿಯಂತೂ ಬಹಳ ಮೋಸ ಮಾಡುತ್ತದೆ. ಅದು ಬರೀ ಒಂದು ಮಿ.ಮೀ. ತ್ರಿಜ್ಯದಲ್ಲಿ ದುಂಡಾಗಿದ್ದರೂ ನೇರ ಅಂಚು ನಿಜವಾದ ಶೃಂಗಕ್ಕಿಂತ ಸುಮಾರು 4 ಮಿ.ಮೀ. ಮೊದಲೇ ಮುಗಿದುಹೋಗುತ್ತದೆ. ಸರಿಯಾದ ಕ್ರಮ ಹೀಗೆ: ಬಿಳಿ ಹಾಳೆಯ ಮೇಲೆ ಮೂಲೆಮಟ್ಟ ಒತ್ತಿ ಹಿಡಿದು, ಚೆನ್ನಾಗಿ ಚೂಪು ಮಾಡಿದ ಪೆನ್ಸಿಲ್‌ನಿಂದ ಹೊರ ಅಂಚು ಮೂರನ್ನೂ ಒಳ ಅಂಚು ಮೂರನ್ನೂ ಎಳೆಯಿರಿ. ಮೂಲೆಮಟ್ಟ ತೆಗೆದು, ಸ್ಕೇಲಿನಿಂದ ಗೆರೆಗಳನ್ನು ಎರಡೂ ಕಡೆ ಮುಂದುವರಿಸಿ. ಗೆರೆಗಳು ಒಂದನ್ನೊಂದು ಕತ್ತರಿಸುವ ಬಿಂದುವೇ ಶೃಂಗ. ಅಳತೆ ಅಲ್ಲಿಂದ ಅಲ್ಲಿಗೆ. ಪೆನ್ಸಿಲ್ ಗೆರೆ ಅಂಚಿನಿಂದ ಕೂದಲೆಳೆಯಷ್ಟು ಆಚೆ ಬೀಳುವುದರಿಂದ ಹೊರ ತ್ರಿಭುಜ ತುಸು ಹಿಗ್ಗುತ್ತದೆ, ಒಳ ತ್ರಿಭುಜ ತುಸು ಕುಗ್ಗುತ್ತದೆ. ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಕೋನ ಹಾಗೇ ಇರುವುದರಿಂದ ಅನುಪಾತ ಕದಲುವುದಿಲ್ಲ.

ಉದಾಹರಣೆಗೆ, 30°-60° ಮೂಲೆಮಟ್ಟದ ಹೊರ ತ್ರಿಭುಜದಲ್ಲಿ ಚಿಕ್ಕ ಬಾಹು 7.0 ಸೆಂ.ಮೀ. ಇದ್ದರೆ ಉದ್ದ ಬಾಹು 12.1, ವಿಕರ್ಣ (ಲಂಬಕೋನದ ಎದುರಿನ ಬಾಹು) 14.0 ಬರುತ್ತದೆ. ಅಂಚಿನ ಪಟ್ಟಿ ಸುಮಾರು ಒಂದೂವರೆ ಸೆಂ.ಮೀ. ಅಗಲವಿದ್ದರೆ ಒಳ ತ್ರಿಭುಜದಲ್ಲಿ 3.0, 5.2, 6.0. ಈಗ ಭಾಗಿಸಿ. ಚಿಕ್ಕ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಹೊರಗೂ 0.5, ಒಳಗೂ 0.5, ಇದೇ ಸೈನ್ 30°. ಉದ್ದ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಹೊರಗೆ 0.864, ಒಳಗೆ 0.867. ಪುಸ್ತಕದಲ್ಲಿ ಕಾಸ್ 30°ಗೆ ಕೊಟ್ಟ √3/2 ಅಂದರೆ 0.866. ಎರಡೂ ಅದರ ಅಕ್ಕಪಕ್ಕವೇ ನಿಂತಿವೆ. ಚಿಕ್ಕದನ್ನು ಉದ್ದದ್ದರಿಂದ ಭಾಗಿಸಿದರೆ 0.579 ಮತ್ತು 0.577. ಇದು ಟ್ಯಾನ್ 30°, ಅಂದರೆ 1/√3.

45° ಮೂಲೆಮಟ್ಟದಲ್ಲೂ ಹೀಗೇ. ಹೊರಗಿನ ಎರಡು ಬಾಹು 9.0 ಆದರೆ ವಿಕರ್ಣ 12.7, ಭಾಗಿಸಿದರೆ 0.709. ಒಳಗೆ 4.0 ಮತ್ತು 5.7, ಭಾಗಿಸಿದರೆ 0.702. ನಿಜವಾದ ಬೆಲೆ 0.707. ಒಳ ತ್ರಿಭುಜದ ಉತ್ತರ ಹೆಚ್ಚು ಜಾರಿದ್ದೇಕೆ? ಸ್ಕೇಲಿನಲ್ಲಿ ಅರ್ಧ ಮಿ.ಮೀ. ಹೆಚ್ಚು ಕಡಿಮೆ ಆಗುವುದು ಎರಡರಲ್ಲೂ ಇದ್ದದ್ದೇ. ಆದರೆ 12.7ರಲ್ಲಿ ಅರ್ಧ ಮಿ.ಮೀ. ಏನೂ ಅಲ್ಲ, 5.7ರಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ಚಿತ್ರವನ್ನು ಆದಷ್ಟು ದೊಡ್ಡದಾಗಿ ಬರೆಯಿರಿ ಎಂದು ಮೇಷ್ಟ್ರು ಹೇಳುವುದು ಅಂದಕ್ಕಾಗಿ ಅಲ್ಲ.

ಸೈನ್ 30°ಯ ಆ 0.5 ಎಲ್ಲಿಂದ ಬಂತು ಎಂಬುದನ್ನೂ ಇದೇ ಮೂಲೆಮಟ್ಟ ತೋರಿಸುತ್ತದೆ. 30°-60° ಮೂಲೆಮಟ್ಟದ ಹೊರ ಅಂಚು ಎಳೆದ ಮೇಲೆ, ಉದ್ದ ಬಾಹುವಿನ ಗೆರೆಯನ್ನು ಹಾಗೇ ಬಿಟ್ಟು ಮೂಲೆಮಟ್ಟವನ್ನು ಪುಟ ತಿರುವಿದಂತೆ ಆಚೆ ಮಗುಚಿ ಇನ್ನೊಮ್ಮೆ ಎಳೆಯಿರಿ. ಎರಡೂ ಸೇರಿ ಒಂದು ಸಮಬಾಹು ತ್ರಿಭುಜವಾಗುತ್ತದೆ: ತುದಿಯಲ್ಲಿ 30 ಮತ್ತು 30 ಸೇರಿ 60, ಕೆಳಗೆ ಎರಡೂ ಕಡೆ 60. ಮೂರು ಬಾಹುವೂ 14. ತಳದ 14ರಲ್ಲಿ ಅರ್ಧ 7 ಮೊದಲ ಮೂಲೆಮಟ್ಟದ್ದು. ಇಷ್ಟೇ, ಸೈನ್ 30° ಅರ್ಧ. ಉಳಿದ ಬಾಹುವಿಗೆ ಪೈಥಾಗೊರಸ್: 196ರಿಂದ 49 ಕಳೆದರೆ 147, ಅದರ ವರ್ಗಮೂಲ 12.12. 45° ಮೂಲೆಮಟ್ಟವನ್ನು ವಿಕರ್ಣದ ಮೇಲೆ ಮಗುಚಿದರೆ ಚೌಕ. ಇವೆರಡನ್ನು ಒಮ್ಮೆ ಕೈಯಾರೆ ಮಾಡಿದವರಿಗೆ ಕೋಷ್ಟಕ ಮರೆತರೂ ಪರೀಕ್ಷೆಯ ಕೊಠಡಿಯಲ್ಲಿ ಎರಡು ನಿಮಿಷದಲ್ಲಿ ಮತ್ತೆ ಕಟ್ಟಿಕೊಳ್ಳಬಹುದು. ಬರೀ ಕೋಷ್ಟಕ ಉರು ಹೊಡೆದವರಿಗೆ √3 ಮೇಲೋ ಕೆಳಗೋ ಎಂಬ ಗೊಂದಲ ಕೊನೆಯವರೆಗೂ ಕಾಡುತ್ತದೆ.

ಕಪ್ಪುಹಲಗೆಯ ಚಿತ್ರಕ್ಕಿಂತ ಮೂಲೆಮಟ್ಟ ಮೇಲು ಎನ್ನಲು ಇನ್ನೊಂದು ದೊಡ್ಡ ಕಾರಣವಿದೆ. ಹಲಗೆಯ ಮೇಲೆ ಲಂಬಕೋನ ಯಾವಾಗಲೂ ಕೆಳಗೆ, ವಿಕರ್ಣ ಓರೆ, ಅಡ್ಡಗೆರೆ ತಳ. ಅದನ್ನೇ ನೋಡಿ ನೋಡಿ ಅಡ್ಡ ಇರುವುದೇ ಪಾರ್ಶ್ವಬಾಹು, ನೆಟ್ಟಗಿರುವುದೇ ಅಭಿಮುಖ ಬಾಹು ಎಂಬ ತಪ್ಪು ತಿಳಿವಳಿಕೆ ಗಟ್ಟಿಯಾಗುತ್ತದೆ. ಮೂಲೆಮಟ್ಟ ಕೈಗೆತ್ತಿಕೊಂಡು 30° ಮೂಲೆಯ ಮೇಲೆ ಹೆಬ್ಬೆರಳು ಇಡಿ. ಬೆರಳಿಗೆ ತಾಗದ ಒಂದೇ ಒಂದು ಬಾಹು ಉಳಿಯುತ್ತದೆ, ಅದೇ ಅಭಿಮುಖ. ತಾಗುವ ಎರಡರಲ್ಲಿ ಉದ್ದವಾದದ್ದು ವಿಕರ್ಣ, ಇನ್ನೊಂದು ಪಾರ್ಶ್ವ. ಅಭಿಮುಖವನ್ನು ವಿಕರ್ಣದಿಂದ ಭಾಗಿಸಿದರೆ ಸೈನ್, ಪಾರ್ಶ್ವವನ್ನು ವಿಕರ್ಣದಿಂದ ಭಾಗಿಸಿದರೆ ಕಾಸ್, ಅಭಿಮುಖವನ್ನು ಪಾರ್ಶ್ವದಿಂದ ಭಾಗಿಸಿದರೆ ಟ್ಯಾನ್. ಈಗ ಮೂಲೆಮಟ್ಟವನ್ನು ಹೇಗೆ ಬೇಕಾದರೂ ತಿರುಗಿಸಿ, ತಲೆಕೆಳಗೆ ಮಾಡಿ, ಹೆಸರು ಬದಲಾಗದು. ಆದರೆ ಹೆಬ್ಬೆರಳನ್ನು 60° ಮೂಲೆಗೆ ಸರಿಸಿದ ಕೂಡಲೇ ಅಭಿಮುಖವೂ ಪಾರ್ಶ್ವವೂ ಅದಲು ಬದಲಾಗುತ್ತವೆ, ವಿಕರ್ಣ ಮಾತ್ರ ಅಲ್ಲೇ ಇರುತ್ತದೆ. ಸೈನ್ 30° ಮತ್ತು ಕಾಸ್ 60° ಒಂದೇ ಏಕೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ: ಎರಡಕ್ಕೂ ಅದೇ 7, ಅದೇ 14. ಲಂಬಕೋನದ ಮೂಲೆಗೆ ಮಾತ್ರ ಬೆರಳು ಇಡಬೇಡಿ. ಅಲ್ಲಿ ಅಭಿಮುಖ ಬಾಹುವೇ ವಿಕರ್ಣವಾಗಿಬಿಡುತ್ತದೆ, ಈ ನಿಯಮ ಲಘುಕೋನಗಳಿಗಷ್ಟೇ.

ಮೂಲೆಮಟ್ಟಗಳಿಗೆ ಇಷ್ಟು ಅಂಕ ಕೊಟ್ಟ ಮೇಲೆ ಅವುಗಳ ಮಿತಿಯನ್ನೂ ಹೇಳಬೇಕು. ನೇರವಾಗಿ ಸಿಗುವ ಲಘುಕೋನ ಮೂರೇ. 20°, 40°, 70° ಬೇಕೆಂದರೆ ಕೋನಮಾಪಕ ತೆಗೆಯಬೇಕು, ಮಕ್ಕಳ ಬಾಯಲ್ಲಿ ಅದು 'ಡಿ'. ಬಾಕ್ಸ್‌ನಲ್ಲಿ ಅತಿ ಹೆಚ್ಚು ತಪ್ಪು ಹುಟ್ಟುವುದು ಇದರಲ್ಲೇ. ಸೊನ್ನೆ ಗೆರೆ ಪ್ಲಾಸ್ಟಿಕ್ಕಿನ ಕೆಳ ಅಂಚಿನಲ್ಲಿ ಇರುವುದಿಲ್ಲ, ತುಸು ಮೇಲಿರುತ್ತದೆ. ಅಂಚನ್ನೇ ಗೆರೆಯ ಮೇಲೆ ಕೂರಿಸಿದರೆ ಎಷ್ಟು ಕೆಡುತ್ತದೆ ಗೊತ್ತೇ? ತ್ರಿಜ್ಯ 4.5 ಸೆಂ.ಮೀ. ಇರುವ ಕೋನಮಾಪಕದಲ್ಲಿ ಸೊನ್ನೆ ಗೆರೆ ಅಂಚಿನಿಂದ 5 ಮಿ.ಮೀ. ಮೇಲಿದ್ದರೆ, 40° ಎಂದು ಚುಕ್ಕೆ ಇಟ್ಟು ಎಳೆದ ಕೋನ ನಿಜಕ್ಕೆ 44° ದಾಟಿರುತ್ತದೆ.

ಕೋನಮಾಪಕ, ಸ್ಕೇಲು, ಮೂಲೆಮಟ್ಟ ಮೂರನ್ನೂ ಸೇರಿಸಿ ಮಾಡುವ ಒಂದು ಅಭ್ಯಾಸಕ್ಕಾಗಿಯೇ ಈ ಬಾಕ್ಸ್ ಕೊಳ್ಳಬಹುದು ಎಂಬುದು ನಮ್ಮ ಅಭಿಪ್ರಾಯ. ಹಾಳೆಯ ಕೆಳಗೆ ಒಂದು ಅಡ್ಡಗೆರೆ ಎಳೆದು, ಎಡ ತುದಿಯಲ್ಲಿ ಬೇಕಾದ ಕೋನ ಗುರುತಿಸಿ. ಆ ಓರೆಗೆರೆಯ ಮೇಲೆ ಸರಿಯಾಗಿ 10 ಸೆಂ.ಮೀ. ಅಳೆದು ಚುಕ್ಕೆ ಇಡಿ. ಅಡ್ಡಗೆರೆಗೆ ಸ್ಕೇಲು ತಾಗಿಸಿ, ಸ್ಕೇಲಿನ ಮೇಲೆ ಮೂಲೆಮಟ್ಟ ಜಾರಿಸುತ್ತಾ ಬಂದು, ಚುಕ್ಕೆಯಿಂದ ಲಂಬ ಇಳಿಸಿ. ವಿಕರ್ಣ 10 ಆದ್ದರಿಂದ ಭಾಗಾಕಾರದ ಗೋಜೇ ಇಲ್ಲ: ಲಂಬದ ಉದ್ದದಲ್ಲಿ ದಶಮಾಂಶ ಬಿಂದುವನ್ನು ಒಂದು ಮನೆ ಎಡಕ್ಕೆ ಸರಿಸಿದರೆ ಸೈನ್, ತಳದ ಉದ್ದಕ್ಕೂ ಹಾಗೇ ಮಾಡಿದರೆ ಕಾಸ್. ಕೈವಾರದಲ್ಲಿ 10 ಸೆಂ.ಮೀ. ಚಾಪ ಎಳೆದು ಇದನ್ನು ಮಾಡಿಸುವವರಿದ್ದಾರೆ. ಈ ಬಾಕ್ಸ್‌ಗಳ ಕೈವಾರದ ಕಾಲು ಅಷ್ಟು ಅಗಲಿಸಿದರೆ ಮುಳ್ಳು ಓರೆಯಾಗಿ ಜಾರುತ್ತದೆ, ಸ್ಕೇಲೇ ವಾಸಿ.

40°ಗೆ ಲಂಬ 6.4, ತಳ 7.7 ಬರಬೇಕು. ಲಂಬ 7ರ ಹತ್ತಿರ ಬಂತೆಂದರೆ ಮೇಲೆ ಹೇಳಿದ ಸೊನ್ನೆ ಗೆರೆಯ ತಪ್ಪು ಆಗಿದೆ. 20°ಗೆ 3.4 ಮತ್ತು 9.4. 70°ಗೆ 9.4 ಮತ್ತು 3.4, ಅಂದರೆ 20°ಯದ್ದೇ ಮಗುಚಿ ನಿಂತಿದೆ. ಈ ಮೂರು ಚಿತ್ರ ಒಂದರ ಪಕ್ಕ ಒಂದು ಇದ್ದಾಗ ಬೀಜಗಣಿತದ ಅಭ್ಯಾಸಬಲದಿಂದ ಆಗುವ ಒಂದು ತಪ್ಪನ್ನು ಅಲ್ಲೇ ತಿದ್ದಬಹುದು. ಸೈನ್ ಎಂಬುದನ್ನು ಒಂದು ಸಂಖ್ಯೆಯಂತೆ ಭಾವಿಸಿ, ಸೈನ್ 20 ಕೂಡಿಸು ಸೈನ್ 20 ಎಂದರೆ ಸೈನ್ 40 ಎಂದು ಬರೆಯುವವರು ಬಹಳ. ಹಾಳೆಯ ಮೇಲೆ 3.4 ಮತ್ತು 3.4 ಸೇರಿ 6.8 ಆಗುತ್ತದೆ, 40°ಯ ಲಂಬವೋ 6.4. ಕೋನ ಎರಡರಷ್ಟಾದರೆ ಲಂಬ ಎರಡರಷ್ಟಾಗುವುದಿಲ್ಲ ಎಂದು ಕಣ್ಣಿಗೇ ಕಾಣುತ್ತದೆ. ಜೊತೆಗೆ 6.4ರ ವರ್ಗ 40.96, 7.7ರ ವರ್ಗ 59.29, ಕೂಡಿದರೆ 100.25. ನೂರಕ್ಕೆ ಇಷ್ಟು ಹತ್ತಿರ ಬಂದದ್ದು ಪೈಥಾಗೊರಸ್ ಪ್ರಮೇಯದಿಂದ. ಸೈನ್ ವರ್ಗ ಕೂಡಿಸು ಕಾಸ್ ವರ್ಗ ಸಮ ಒಂದು ಎಂಬ ನಿತ್ಯಸಮೀಕರಣ ಇದೇ.

ವಿಕರ್ಣವನ್ನು ಒಂದು ಅನುಕೂಲದ ಸಂಖ್ಯೆಗೆ ಕಟ್ಟಿಹಾಕಿ ಲಂಬದ ಉದ್ದ ಬರೆಯುವ ಈ ಕ್ರಮ ಹಳೆಯದು. ಆರ್ಯಭಟ ಕ್ರಿ.ಶ. 499ರ ಸುಮಾರಿಗೆ ಕೊಟ್ಟ ಜ್ಯಾ ಕೋಷ್ಟಕದಲ್ಲಿ ತ್ರಿಜ್ಯ 3438. ವೃತ್ತದ ಪರಿಧಿಯನ್ನು 360 ಡಿಗ್ರಿಯ ಕಲೆಗಳಲ್ಲಿ (ಒಂದು ಡಿಗ್ರಿಗೆ 60 ಕಲೆ), ಅಂದರೆ 21,600 ಎಂದು ಹಿಡಿದರೆ ತ್ರಿಜ್ಯ ಅಷ್ಟೇ ಬರುತ್ತದೆ. 3°45' ಅಂತರದಲ್ಲಿ 24 ಬೆಲೆಗಳು, ಮೊದಲನೆಯದು 225, 30°ಗೆ 1719, ಸರಿಯಾಗಿ ಅರ್ಧ. ಬಿಲ್ಲಿನ ಹೆದೆ ಎಂಬ ಅರ್ಥದ ಜ್ಯಾ, ಜೀವಾ ಎಂಬ ಮಾತೇ ಅರಬ್ಬಿಗೆ ಹೋಗಿ, ಅಲ್ಲಿ ಬೇರೆ ಮಾತಾಗಿ ಓದಿಸಿಕೊಂಡು, ಲ್ಯಾಟಿನ್‌ಗೆ ಸೈನಸ್ ಆಗಿ ಅನುವಾದವಾಯಿತು. ನಾವು ಇಂದು ಸೈನ್ ಎನ್ನುವುದು ಅದನ್ನೇ.

ಇನ್ನು ಹೊರಾಂಗಣ. ಉನ್ನತ ಕೋನದ (ಮಟ್ಟದ ನೋಟದಿಂದ ಮೇಲಕ್ಕೆ ಕಣ್ಣೆತ್ತಿದ ಕೋನದ) ಲೆಕ್ಕಗಳಿಗೆ ಕೋನಮಾಪಕದಿಂದಲೇ ಎತ್ತರ ಅಳೆಯುವ ಸಾಧನ ಮಾಡಬಹುದು. ಬೇಕಾದದ್ದು ಒಂದು ಕೊಳವೆ (ರೀಫಿಲ್ ತೆಗೆದ ಪೆನ್ನಿನದ್ದಾದರೂ ಸರಿ), ಒಂದೂವರೆ ಗೇಣು ದಾರ, ಅದರ ತುದಿಗೆ ಒಂದು ನಟ್ಟು. ಕೊಳವೆಯನ್ನು ಸೊನ್ನೆ ಗೆರೆಗೆ ಸಮಾಂತರವಾಗಿ ನೇರ ಅಂಚಿಗೆ ಟೇಪ್ ಹಾಕಿ ಅಂಟಿಸಿ. ದಾರವನ್ನು ಕೋನಮಾಪಕದ ಕೇಂದ್ರಕ್ಕೆ ಕಟ್ಟಿ. ಕೇಂದ್ರದಲ್ಲಿ ರಂಧ್ರವಿರುವ ಕೋನಮಾಪಕವಾದರೆ ಒಳ್ಳೆಯದು, ಕೊಳ್ಳುವಾಗ ಅದನ್ನೂ ನೋಡಿಕೊಳ್ಳಿ. ದುಂಡು ಭಾಗ ಕೆಳಗಿರುವಂತೆ ಹಿಡಿದು ಕೊಳವೆಯ ಮೂಲಕ ಧ್ವಜಸ್ತಂಭದ ತುದಿ ನೋಡಿ. ಪಕ್ಕದಲ್ಲಿ ನಿಂತವರು ದಾರ ಯಾವ ಅಂಕಿಯ ಮೇಲಿದೆ ಎಂದು ಓದಲಿ.

ಮಟ್ಟವಾಗಿ ನೋಡುವಾಗ ದಾರ 90ರ ಮೇಲಿರುತ್ತದೆ. ಆದ್ದರಿಂದ ಉನ್ನತ ಕೋನ ಎಂದರೆ 90ಕ್ಕೂ ಓದಿದ ಅಂಕಿಗೂ ಇರುವ ವ್ಯತ್ಯಾಸ. ಒಳ ಸಾಲಿನಲ್ಲಿ 52 ಓದಲಿ, ಹೊರ ಸಾಲಿನಲ್ಲಿ 128 ಓದಲಿ, ವ್ಯತ್ಯಾಸ 38° ತಾನೇ? ಕಂಬದ ಬುಡದಿಂದ 12 ಮೀ. ದೂರ, ಕಣ್ಣಿನ ಎತ್ತರ 1.4 ಮೀ. ಎಂದಿಟ್ಟುಕೊಳ್ಳಿ. ಟ್ಯಾನ್ 38° ಅಂದರೆ 0.781, ಅದನ್ನು 12ರಿಂದ ಗುಣಿಸಿದರೆ 9.4, ಕಣ್ಣಿನ ಎತ್ತರ ಕೂಡಿಸಿದರೆ 10.8 ಮೀ. ಇಲ್ಲಿ ಆಗುವ ತಪ್ಪುಗಳು ಎರಡು. ಒಂದು, 1.4 ಕೂಡಿಸುವುದನ್ನು ಮರೆಯುವುದು. ಎರಡು, ವ್ಯತ್ಯಾಸ ತೆಗೆಯದೆ 52°ಯನ್ನೇ ಹಾಕುವುದು. ಆಗ ಉತ್ತರ 16.8 ಮೀ., ಕಂಬಕ್ಕೆ ಮೂರು ಆಳಿಗಿಂತ ಹೆಚ್ಚೇ ಸೇರಿದಂತೆ.

ಎಲ್ಲಿ ನಿಂತು ಅಳೆಯಬೇಕು ಎಂಬುದಕ್ಕೂ ಲೆಕ್ಕವಿದೆ. ದಾರ ಅಲುಗಾಡುವುದರಿಂದ ಒಂದು ಡಿಗ್ರಿ ಹೆಚ್ಚು ಕಡಿಮೆ ಆಗಿಯೇ ಆಗುತ್ತದೆ. 45°ಯ ಬದಲು 46° ಓದಿದರೆ ಟ್ಯಾನ್ 1ರಿಂದ 1.036ಕ್ಕೆ ಏರುತ್ತದೆ, ನೂರಕ್ಕೆ ಮೂರೂವರೆಯಷ್ಟು. 80°ಯ ಬದಲು 81° ಓದಿದರೆ 5.67 ಇದ್ದದ್ದು 6.31 ಆಗುತ್ತದೆ, ನೂರಕ್ಕೆ ಹನ್ನೊಂದು. ಬುಡಕ್ಕೆ ತೀರ ಹತ್ತಿರ ನಿಂತು ಕತ್ತೆತ್ತಿ ನೋಡಬೇಡಿ, ಕೋನ 45°ಯ ಆಸುಪಾಸು ಬರುವಷ್ಟು ಹಿಂದೆ ಸರಿಯಿರಿ. ತೆಂಗಿನಮರ ಅಳೆಯುವುದಾದರೆ ವಾಲಿಲ್ಲದ ಮರ ಆರಿಸಿ. ವಾಲಿದ ಮರದ ತುದಿ ಬುಡದ ನೇರಕ್ಕೆ ಇರುವುದಿಲ್ಲ, ನೀವು ಅಳೆದ ದೂರವೇ ತಪ್ಪಾಗುತ್ತದೆ.

ಟ್ಯಾನ್ 38° ನೋಡಲು ಕ್ಯಾಲ್ಕುಲೇಟರ್ ಬೇಕು, ಅದು ಬಾಕ್ಸ್‌ನಲ್ಲಿ ಇಲ್ಲ. ಫೋನಿನದ್ದು ಸಾಕು, ಆದರೆ ಮೊದಲು ಸೈನ್ 30 ಒತ್ತಿ ನೋಡಿ. 0.5 ಬಂದರೆ ಸರಿ. −0.988 ಬಂದರೆ ಅದು ರೇಡಿಯನ್‌ನಲ್ಲಿದೆ, 0.454 ಬಂದರೆ ಗ್ರೇಡಿಯನ್‌ನಲ್ಲಿದೆ (ಎರಡೂ ಕೋನದ ಬೇರೆ ಮಾನಗಳು), ಡಿಗ್ರಿಗೆ ಬದಲಿಸಿಕೊಳ್ಳಿ. ಸೈನ್ ಮೇಲೆ −1 ಬರೆದ ಗುಂಡಿ ಕೊಸೀಕೆಂಟ್ (ಸೈನ್‌ನ ವ್ಯುತ್ಕ್ರಮ) ಅಲ್ಲ. ಅದಕ್ಕೆ 0.5 ಕೊಟ್ಟರೆ 30 ಎಂಬ ಕೋನ ಬರುತ್ತದೆ. ಕೊಸೀಕೆಂಟ್ 30° ಅಂದರೆ 1 ಭಾಗಿಸು 0.5, ಅಂದರೆ 2.

0° ಮತ್ತು 90° ಬೆಲೆಗಳನ್ನು ಈ ಬಾಕ್ಸ್ ತೋರಿಸಲಾರದು. ಅಲ್ಲಿ ತ್ರಿಭುಜವೇ ಚಪ್ಪಟೆಯಾಗಿ ಹೋಗುತ್ತದೆ. ಅದಕ್ಕೆ ಉಚಿತವಾಗಿ ಸಿಗುವ ಜಿಯೋಜೀಬ್ರಾ ತಂತ್ರಾಂಶ ಒಳ್ಳೆಯದು. ಕೋನವನ್ನು ಬೆರಳಿನಿಂದ ಎಳೆಯುತ್ತಾ 89° ದಾಟಿಸಿದರೆ ಟ್ಯಾನ್ ಹೇಗೆ ಹುಚ್ಚೆದ್ದು ಏರುತ್ತದೆ ಎಂದು ಅದರಲ್ಲಿ ನೋಡಬಹುದು. ಆದರೆ ಶುರು ಅಲ್ಲಿಂದ ಬೇಡ. ಅಳತೆಯನ್ನೆಲ್ಲ ಅದೇ ಮಾಡಿಕೊಡುವುದರಿಂದ ಅನುಪಾತ ಎಂದರೆ ಎರಡು ಉದ್ದಗಳ ಭಾಗಾಕಾರ ಎಂಬುದು ಕೈಗೆ ಹತ್ತುವುದಿಲ್ಲ.

ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆ ಒಂದೇ, ಅರ್ಧ ನಿಮಿಷದ್ದು. ಹಾಳೆಯ ಮೇಲೆ ಸ್ಕೇಲು ಇಟ್ಟು, ಅದಕ್ಕೆ ಮೂಲೆಮಟ್ಟ ತಾಗಿಸಿ 10 ಸೆಂ.ಮೀ. ಲಂಬ ಎಳೆಯಿರಿ. ಸ್ಕೇಲು ಕದಲಿಸದೆ ಮೂಲೆಮಟ್ಟ ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಲಂಬಕೋನ ಸರಿ. ಮೇಲ್ತುದಿಯಲ್ಲಿ ಮೂರೂವರೆ ಮಿ.ಮೀ. ಬಿರುಕು ಕಂಡರೆ ಗೆರೆಗಳ ನಡುವೆ 2° ಅಂತರ, ಅಂದರೆ ಮೂಲೆಮಟ್ಟದಲ್ಲಿ 1° ತಪ್ಪಿದೆ, ವಾಪಸು ಕೊಡಿ. ಗಾಜಿನ ಕೌಂಟರ್ ಮೇಲೆ ಇಟ್ಟಾಗ ಅಲುಗಾಡುವ, ಬಿಸಿಲಿಗೆ ಬಾಗಿದ ತುಂಡೂ ಬೇಡ. ಬೆಲೆ ಹೆಚ್ಚಿದ ಮಾತ್ರಕ್ಕೆ ಕೋನ ಸರಿಯಿರುತ್ತದೆ ಎಂದೇನಿಲ್ಲ, ಎಷ್ಟರದ್ದಾದರೂ ಮಗುಚಿ ನೋಡಿಯೇ ತನ್ನಿ.

ಅಕ್ಕನದ್ದೋ ಅಣ್ಣನದ್ದೋ ಹಳೆಯ ಬಾಕ್ಸ್ ಮನೆಯಲ್ಲಿದ್ದರೆ ಹೊಸದು ಕೊಳ್ಳುವ ಅಗತ್ಯವಿಲ್ಲ. ಮೂಲೆಮಟ್ಟದ ಅಂಕಿ ಅಳಿಸಿಹೋಗಿದ್ದರೂ, 30° ತುದಿ ಮುರಿದಿದ್ದರೂ ನಡೆಯುತ್ತದೆ. ಉಳಿದ ಅಂಚುಗಳನ್ನು ಎಳೆದು ಗೆರೆ ಮುಂದುವರಿಸಿ, ಮುರಿದ ತುದಿ ಹಾಳೆಯ ಮೇಲೆ ಸಿಗುತ್ತದೆ.